ಅಪ್‌ಡೇಟ್: ಜನರೇಟರಿನ ಡೀಸೆಲ್ ಟ್ಯಾಂಕಿಗೆ ಅಳತೆಕೋಲು ಸಿದ್ಧವಾಯಿತು

ಮನೆಯ ಹಿಂದೆ ಅಡ್ಡ ಮಲಗಿಸಿದ ಉರುಟು ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ ಅಂತ ಮಳೆಗಾಲದ ಮೊದಲು ಕೇಳಿದ್ದೆ. ನಮ್ಮದು ಬದಿಯಡ್ಕದ ಹತ್ತಿರ, ಗಾಳಿಮಳೆ ಬಂದರೆ ಕರೆಂಟ್ ಹೋಗುತ್ತದೆ. ಒಂದು ರಾತ್ರಿ ಡೀಸೆಲ್ ಪೂರ್ತಿ ಮುಗಿದು, ಪೈಪಿನೊಳಗೆ ಗಾಳಿ ಸೇರಿ, ಅದನ್ನು ತೆಗೆದು ಜನರೇಟರ್ ಸ್ಟಾರ್ಟ್ ಮಾಡುವಾಗ ಬೆಳಗಾಗಿತ್ತು.

ಕೋಲು ಇಳಿಸಿ ನೋಡಿ ಅಂತ ಹಲವರು ಹೇಳಿದ್ದಿರಿ. ಅಪ್ಪ ಅಡಿಕೆ ಸಲಕೆಯೊಂದನ್ನು ನಯವಾಗಿ ಕೆತ್ತಿಕೊಟ್ಟರು. ಅದಕ್ಕೆ ಸೀಮೆಸುಣ್ಣ ಉಜ್ಜಿ ಇಳಿಸಿದರೆ ಒದ್ದೆಯಾದ ಗೆರೆ ಚೆನ್ನಾಗಿ ಕಾಣುತ್ತದೆ.

ಆದರೆ ನನ್ನ ಲೆಕ್ಕ ತಪ್ಪಿತ್ತು. ಟ್ಯಾಂಕ್ 200 ಲೀಟರಿನದು, ಒಳಗಿನ ಎತ್ತರ 60 ಸೆಂಟಿಮೀಟರ್. 15 ಸೆಂಟಿಮೀಟರ್ ಅಂದರೆ ಕಾಲುಭಾಗ, 50 ಲೀಟರ್ ಅಂದುಕೊಂಡಿದ್ದೆ. ಖಾಲಿ ಟ್ಯಾಂಕಿಗೆ 20 ಲೀಟರಿನ ಕ್ಯಾನಿನಿಂದ ಸುರಿಯುತ್ತಾ ಗುರುತು ಹಾಕಿದೆವು. ಎರಡೇ ಕ್ಯಾನಿಗೆ ಗೆರೆ 15 ದಾಟಿತು! ಉರುಟಿನ ತಳ ಕಿರಿದು, ನಡು ಅಗಲ. ಅಲ್ಲಿಂದ ಅರ್ಧಕ್ಕೆ ಏರಲು ಇನ್ನೂ ಮೂರು ಕ್ಯಾನ್ ಬೇಕಾಯಿತು. 6 ಸೆಂಟಿಮೀಟರಿನಲ್ಲಿ ಇರುವುದು ಬರೀ 10 ಲೀಟರ್. ಸಮ ಅಂತರದ ಗುರುತು ದಯವಿಟ್ಟು ಹಾಕಬೇಡಿ, ಸುರಿದು ನೋಡಿಯೇ ಹಾಕಿ.

ನೀರಿನ ವಿಷಯ ಎಚ್ಚರಿಸಿದವರಿಗೆ ವಿಶೇಷ ಧನ್ಯವಾದ. ನೀರು ಡೀಸೆಲಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ, ಕೋಲು ಅದನ್ನೂ ಸೇರಿಸಿ ತೋರಿಸುತ್ತದೆ. ತಳದ ನಲ್ಲಿ ತಿರುಗಿಸಿದಾಗ ಅರ್ಧ ಚೆಂಬು ಕಂದು ನೀರು ಬಂತು. ಮುಚ್ಚಳದ ವಾಷರ್ ಹರಿದಿತ್ತು, ಬದಲಾಯಿಸಿದ್ದೇವೆ.

ಈಗ ಗೆರೆ 15ಕ್ಕೆ ಇಳಿದ ದಿನವೇ ಅಪ್ಪ ಕ್ಯಾನ್ ತೆಗೆದು ಅಂಗಳದಲ್ಲಿ ಇಡುತ್ತಾರೆ.