ಗಾಂಜಾ ಪ್ರಕರಣದಲ್ಲಿ ತಮ್ಮನಿಗೆ ಶಿಕ್ಷೆಯಾಗಿದೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಿದವರು ಅನುಭವ ತಿಳಿಸಿರಿ

ಪ್ರಶ್ನೆ, ಮುಂಡರಗಿ ತಾಲ್ಲೂಕಿನಿಂದ:
ನನ್ನ ತಮ್ಮನ ಬೈಕಿನ ಡಬ್ಬಿಯಲ್ಲಿ 2 ಕೆಜಿ 300 ಗ್ರಾಂ ಗಾಂಜಾ ಸಿಕ್ಕಿತೆಂಬ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯವು 22 ದಿನಗಳ ಹಿಂದೆ 3 ವರ್ಷ ಕಠಿಣ ಸಜೆ ಮತ್ತು 25,000 ರೂಪಾಯಿ ದಂಡ ವಿಧಿಸಿದೆ. ಅವನು ಈಗ ಜೈಲಿನಲ್ಲಿದ್ದಾನೆ. ಅಪೀಲಿಗೆ ಹೋಗಬೇಕೇ, ಖರ್ಚು ಎಷ್ಟಾಗುತ್ತದೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಅನುಭವಿಸಿದವರು ದಯವಿಟ್ಟು ತಿಳಿಸಬೇಕು.

ರಾಣೆಬೆನ್ನೂರಿನ ತಂದೆ:
ಖಂಡಿತ ಹೋಗಬೇಕು. ನನ್ನ ಮಗನ ಚೀಲದಲ್ಲಿ 1 ಕೆಜಿ 400 ಗ್ರಾಂ ಸಿಕ್ಕಿತೆಂದು 2 ವರ್ಷ ಶಿಕ್ಷೆಯಾಗಿತ್ತು. ಮೇಲ್ಮನವಿ ಹಾಕಿದೆವು, ನಾಲ್ಕು ವರ್ಷದ ಮೇಲೆ ಗೆದ್ದೆವು. ವಕೀಲರಿಗೆ ಮೊದಲು 40,000, ಶಿಕ್ಷೆ ಅಮಾನತಾದ (ಅಪೀಲು ಮುಗಿಯುವ ತನಕ ಹೊರಗಿರಲು ಆದೇಶವಾದ) ದಿನ 20,000, ವಾದದ ಮುನ್ನಾದಿನ 15,000 ಕೊಟ್ಟೆ. ಸಾಕ್ಷಿಗಳ ಹೇಳಿಕೆಯ ಟೈಪಿಂಗಿಗೆ 6,200, ಜೆರಾಕ್ಸಿಗೆ 1,850 ಆಯಿತು. ಧಾರವಾಡಕ್ಕೆ ಹೋಗಿ ಅಲ್ಲಿಂದ ಬೆಳಗಾವಿ ರಸ್ತೆಯಲ್ಲಿ ಪೀಠವಿರುವ ಬೇಲೂರಿನವರೆಗೆ 31 ಸಲ ಓಡಾಡಿದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆ ವರ್ಷ ಒಣಮೆಣಸಿನಕಾಯಿಯನ್ನು ದರ ಏರುವ ತನಕ ಇಟ್ಟುಕೊಳ್ಳಲಾಗದೆ ಬ್ಯಾಡಗಿ ಪೇಟೆಯಲ್ಲಿ ಸಿಕ್ಕ ಬೆಲೆಗೆ ಕೊಟ್ಟು ಬಂದೆ. ಎಲ್ಲಕ್ಕಿಂತ ನೋಯಿಸಿದ್ದು ಜಾಮೀನುದಾರರ ಉತಾರ, ಅಂದರೆ ಹೊಲದ ಪಹಣಿ. ಶಿಕ್ಷೆ ಅಮಾನತಿನ ಆದೇಶವಾದ ಮೇಲೂ, ಅಣ್ಣನ ಉತಾರದಲ್ಲಿ ಸೊಸೈಟಿ ಸಾಲದ ಬೋಜಾ ಇದೆಯೆಂದು ಅದನ್ನು ಒಪ್ಪಲಿಲ್ಲ. ಬೇರೆಯವರನ್ನು ಹುಡುಕಿ ಕರೆತರುವಷ್ಟರಲ್ಲಿ ಮಗ ಇನ್ನೂ ಒಂಬತ್ತು ದಿನ ಒಳಗೇ ಉಳಿದ. ಗೆದ್ದದ್ದು ಮಾದಕ ವಸ್ತುಗಳ (ಎನ್‌ಡಿಪಿಎಸ್) ಕಾಯಿದೆಯ 52ಎ ಕಲಮಿನ ಮೇಲೆ; ಸಿಕ್ಕ ಮಾಲಿನ ಮಾದರಿಯನ್ನು ಹೇಗೆ ತೆಗೆಯಬೇಕೆಂದು ಹೇಳುವುದು ಅದು. ಅಧಿಕಾರಿಯು ರಸ್ತೆಯ ಬದಿಯಲ್ಲೇ 24 ಗ್ರಾಂನ ಎರಡು ಪ್ಯಾಕೆಟ್ ತೆಗೆದು ಅರಗಿನ ಮುದ್ರೆ ಹಾಕಿದ್ದರು. ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆದಿರಲೇ ಇಲ್ಲ. ಸುಪ್ರೀಂ ಕೋರ್ಟಿನ 2016ರ ಮೋಹನ್‌ಲಾಲ್ ತೀರ್ಪನ್ನು ನಮ್ಮ ವಕೀಲರು ಓದಿ ಹೇಳಿದರು. ಶೋಧದ ಬಗೆಗಿನ 50ನೇ ಕಲಮನ್ನೂ ವಾದಕ್ಕೆ ಹಿಡಿದಿದ್ದರು.

ಹುಬ್ಬಳ್ಳಿಯ ಅಕ್ಕ:
ಎಲ್ಲರಿಗೂ ಮಾರಲು ಮೆಣಸಿನಕಾಯಿ ಇರುವುದಿಲ್ಲ ಸರ್. ನನ್ನ ತಮ್ಮನ ಹತ್ತಿರ ಸಿಕ್ಕದ್ದು 600 ಗ್ರಾಂ, ಅಂದರೆ ಒಂದು ಕಿಲೋದ ಒಳಗಿನ ಸಣ್ಣ ಪ್ರಮಾಣ. ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆಂದು ನಮ್ಮ ವಕೀಲರು ಹೇಳಿದರು, ಅವನು ಒಪ್ಪಿಕೊಂಡ. ಎರಡು ತಿಂಗಳ ಸಜೆ, 5,000 ದಂಡ; ನಿಜಕ್ಕೂ ಬೇಗ ಮುಗಿಯಿತು. ಆದರೆ ತಾನೇ ಒಪ್ಪಿಕೊಂಡವನು ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಮಾತ್ರ ಅಪೀಲು ಮಾಡಬಹುದು, ಅಪರಾಧವೇ ಆಗಿಲ್ಲವೆಂದು ವಾದಿಸಲು ಬರುವುದಿಲ್ಲ ಎಂಬ ಮಾತನ್ನು ಅವರು ಮೊದಲು ಹೇಳಲಿಲ್ಲ. ಕಂಪನಿಯೊಂದರಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಪೊಲೀಸ್ ಪರಿಶೀಲನೆಯ ಕಾಗದ ಬಂದ ದಿನವೇ ಹೋಯಿತು. ಸಣ್ಣ ಪ್ರಮಾಣದಲ್ಲಿ ಶಿಕ್ಷೆಯಾದ ವ್ಯಸನಿಯನ್ನು ಚಿಕಿತ್ಸೆಗಾಗಿ ಬಾಂಡಿನ ಮೇಲೆ ಬಿಡುವ ಅಧಿಕಾರ 39ನೇ ಕಲಮಿನಲ್ಲಿ ನ್ಯಾಯಾಲಯಕ್ಕಿದೆ ಎಂಬುದೂ ನಮಗೆ ಆಮೇಲೆ ತಿಳಿಯಿತು. ಅವನನ್ನು ಆಗಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದೆವು, ಚೀಟಿಗಳೆಲ್ಲ ನನ್ನ ಬ್ಯಾಗಿನಲ್ಲೇ ಇದ್ದವು, ಕೇಳುವವರಿರಲಿಲ್ಲ. ಆದರೂ ಸಾಲ ಮಾಡಲಿಲ್ಲ, ಮನೆ ಉಳಿಯಿತು. ನಾನು ಮಾಡಿದ್ದು ತಪ್ಪೆಂದು ಯಾರೂ ಹೇಳುವುದು ಬೇಡ.

ಶಿರಹಟ್ಟಿ ರೈತ:
ನಮ್ಮ ತಂದೆಯ ವಿಷಯ ಹೇಳುತ್ತೇನೆ. ಹತ್ತಿಯ ಸಾಲುಗಳ ನಡುವೆ ಬೆಳೆದಿದ್ದ 14 ಗಿಡಗಳನ್ನು ಬೇರು, ಕಾಂಡ, ಎಲೆ, ಹಸಿ ಮಣ್ಣು ಸಮೇತ ಕಿತ್ತು ಎರಡು ಗೋಣಿಚೀಲಕ್ಕೆ ತುಂಬಿ ತೂಗಿದರು. 23 ಕೆಜಿ ಬಂತು. ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಹೀಗಿದ್ದರೂ 20 ಕೆಜಿ ದಾಟಿತೆಂದು ವಾಣಿಜ್ಯ ಪ್ರಮಾಣದ ಆರೋಪ ಹೊರಿಸಿದ್ದರಿಂದ 10 ವರ್ಷ ಸಜೆ, 1 ಲಕ್ಷ ದಂಡ ಬಿತ್ತು. ವಾಣಿಜ್ಯ ಪ್ರಮಾಣವಾದರೆ ಜಾಮೀನಿಗೆ 37ನೇ ಕಲಮು ಅಡ್ಡ ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಕಾರಣವಿದೆ ಎಂದು ನ್ಯಾಯಾಲಯಕ್ಕೆ ಮೊದಲು ಅನ್ನಿಸಬೇಕು. ಶಿಕ್ಷೆ ಅಮಾನತಿನ ಅರ್ಜಿ ಒಂದು ಸಲ ವಜಾ ಆಯಿತು. ಎರಡನೆಯ ಸಲ ಮಂಜೂರಾಗುವಾಗ ತಂದೆ ನಾಲ್ಕು ವರ್ಷ ಕಳೆದಿದ್ದರು. ಪಂಚನಾಮೆಯಲ್ಲಿ ತುದಿಗಳನ್ನು ಬೇರ್ಪಡಿಸಿ ತೂಗಿದ್ದೇವೆಂಬ ಒಂದು ಸಾಲೂ ಇರಲಿಲ್ಲ. ಅಪೀಲು ಇನ್ನೂ ಬಾಕಿಯಿದೆ, ವಕೀಲರು ಎರಡು ಸಲ ಬದಲಾಗಿದ್ದಾರೆ, 1,60,000 ಖರ್ಚಾಗಿದೆ.

ಹುಬ್ಬಳ್ಳಿಯ ಅಕ್ಕ:
ಹತ್ತಿಯ ನಡುವೆ ಗಿಡ ತಾನಾಗಿಯೇ ಹುಟ್ಟುವುದಿಲ್ಲ. ನೀವು ಬೆಳೆದದ್ದರಿಂದಲೇ ನನ್ನ ತಮ್ಮನಂಥವರ ಕೈಗೆ ಅದು ಬರುತ್ತದೆ.

ಶಿರಹಟ್ಟಿ ರೈತ:
ಅಕ್ಕಾ, ನಮ್ಮ ತಂದೆಗೆ 64 ವರ್ಷ. ಹೊಲ ಲಾವಣಿಗೆ ಕೊಟ್ಟಿದ್ದೆವು, ಉತಾರ ಮಾತ್ರ ಅವರ ಹೆಸರಿನಲ್ಲಿತ್ತು. ಲಾವಣಿ ಮಾಡಿದವನು ಅಂದಿನಿಂದ ಊರಿನಲ್ಲಿಲ್ಲ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ಅದನ್ನು ನಮ್ಮ ಮನೆಯ ಬಾಗಿಲಿಗೆ ತಂದು ಸುರಿಯಬೇಡಿರಿ.

ಧಾರವಾಡದವನು:
ನಾನು ಸ್ವತಃ ಶಿಕ್ಷೆ ಅನುಭವಿಸಿ ಬಂದವನು. 6 ಕೆಜಿ, 5 ವರ್ಷ, 50,000 ದಂಡ. ಒಬ್ಬ ವಕೀಲರಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಸಜೆಯಾದವನಿಗೆ ತೀರ್ಪಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಜೈಲಿನಲ್ಲಿರುವವನು ಅಧೀಕ್ಷಕರ ಮೂಲಕವೇ ಮೇಲ್ಮನವಿ ಕಳಿಸಬಹುದು. ಬಂಧನದಲ್ಲಿರುವವನಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಉಚಿತ ವಕೀಲರು ಹಕ್ಕಿನಿಂದ ಸಿಗುತ್ತಾರೆ. ನನಗೆ ಸಿಕ್ಕವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮುದ್ದೆಮಾಲಿನ (ವಶಪಡಿಸಿದ ಮಾಲಿನ) ರಿಜಿಸ್ಟರಿನ ದಿನಾಂಕ ಮತ್ತು ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಮಾದರಿ ತಲುಪಿದ ದಿನಾಂಕದ ನಡುವಿನ ಅಂತರವನ್ನು ಅವರೇ ಪತ್ತೆ ಹಚ್ಚಿದರು. ಬಿಡುಗಡೆಯಾಗಲಿಲ್ಲ, ಆದರೆ ಶಿಕ್ಷೆಯನ್ನು ನಾನು ಕಳೆದಿದ್ದ 3 ವರ್ಷ 2 ತಿಂಗಳಿಗೆ ಇಳಿಸಿದರು. ದಂಡ ಇಳಿಯಲಿಲ್ಲ, ಅವ್ವ ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ ಕಟ್ಟಿದಳು. ರಾಣೆಬೆನ್ನೂರಿನವರಿಗೆ ಒಂದು ಮಾತು: 50ನೇ ಕಲಮು ಮೈಮೇಲಿನ ಶೋಧಕ್ಕೆ ಮಾತ್ರ, ಚೀಲಕ್ಕಲ್ಲ, 2005ರ ಪವನ್ ಕುಮಾರ್ ತೀರ್ಪು ಅದನ್ನು ಹೇಳಿದೆ. 52ಎ ಪಾಲಿಸಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡುಗಡೆಯಾಗುವುದಿಲ್ಲವೆಂದು 2025ರ ಜನವರಿಯಲ್ಲಿ ಭರತ್ ಆಂಬಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಆದ್ದರಿಂದ ನಿಮ್ಮ ಗೆಲುವನ್ನು ತೋರಿಸಿ ಬೇರೆಯವರಿಗೆ ಆಸೆ ಹಚ್ಚಬೇಡಿರಿ.

ರಾಣೆಬೆನ್ನೂರಿನ ತಂದೆ:
ಆಸೆ ಹಚ್ಚುವುದೆಂದರೇನು? ನನ್ನ ಮಗ ನಿರ್ದೋಷಿಯೆಂದು ಹೊರಬಂದಿದ್ದಾನೆ, ನೀವು ಶಿಕ್ಷೆ ಮುಗಿಸಿ ಬಂದಿದ್ದೀರಿ. ಪುಕ್ಕಟೆ ವಕೀಲರು ಕಡತ ಓದಿದ್ದರೆ ನಿಮಗೂ ಬಿಡುಗಡೆ ಸಿಗುತ್ತಿತ್ತೇನೋ.

ಧಾರವಾಡದವನು:
ಆ ಹುಡುಗ ನನ್ನ ಕಡತವನ್ನು ಪೂರ್ತಿ ಓದಿದ್ದಾನೆ. ಜೈಲಿನ ಜಾಲರಿಯ ಆಚೆ ನಿಂತು ಒಂದೊಂದು ಪುಟ ತಿರುವಿ ನನ್ನಿಂದ ಉತ್ತರ ಕೇಳಿದ್ದಾನೆ. ಅವನ ಬಗ್ಗೆ ಹಗುರವಾಗಿ ಮಾತನಾಡಬೇಡಿರಿ. 75,000 ಕೊಟ್ಟವರಿಗಷ್ಟೇ ನ್ಯಾಯ ಎಂದಾದರೆ ನನ್ನಂಥವರು ಎಲ್ಲಿಗೆ ಹೋಗಬೇಕು?

ಹುಬ್ಬಳ್ಳಿಯ ಅಕ್ಕ:
ಇಬ್ಬರೂ ನಿಲ್ಲಿಸಿರಿ. ಪ್ರಶ್ನೆ ಕೇಳಿದವರ ತಮ್ಮ ಒಳಗಿದ್ದಾನೆ.

ಧಾರವಾಡದವನು:
ಅಕ್ಕ ಹೇಳಿದ್ದು ಸರಿ. ಮುಂಡರಗಿಯವರೇ, ಹೈಕೋರ್ಟಿಗೆ ಅಪೀಲಿನ ಅವಧಿ ತೀರ್ಪಿನಿಂದ 60 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮಗೆ ಕನಿಷ್ಠ 38 ದಿನವಿದೆ. ತೀರ್ಪಿನ ದಿನ ನಿಮ್ಮ ತಮ್ಮ ಜಾಮೀನಿನ ಮೇಲೆ ಹೊರಗಿದ್ದನೇ?

ಮುಂಡರಗಿ ತಾಲ್ಲೂಕಿನಿಂದ:
ಹೌದು ಸರ್, ಜಾಮೀನಿನ ಮೇಲಿದ್ದ. ಮನೆಯಿಂದ ಊಟ ಮಾಡಿಯೇ ಹೋಗಿದ್ದ. ಅಂದೇ ಕರೆದೊಯ್ದರು.

ಧಾರವಾಡದವನು:
ಹಾಗಾದರೆ ಅಂದೇ ಒಂದು ಅರ್ಜಿ ಹಾಕಬೇಕಿತ್ತು. ಶಿಕ್ಷೆ 3 ವರ್ಷ ಮೀರದಿದ್ದು, ಆರೋಪಿ ಜಾಮೀನಿನ ಮೇಲಿದ್ದು, ಮೇಲ್ಮನವಿ ಸಲ್ಲಿಸುವೆನೆಂದು ಹೇಳಿದರೆ, ವಿಶೇಷ ಕಾರಣಗಳಿಲ್ಲದ ಹೊರತು ಶಿಕ್ಷೆ ಕೊಟ್ಟ ನ್ಯಾಯಾಲಯವೇ ಅಪೀಲು ಹಾಕುವಷ್ಟು ಕಾಲ ಅವನನ್ನು ಬಿಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 389ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430. ಈಗ ಮೇಲ್ಮನವಿಯ ಜೊತೆಯಲ್ಲೇ ಶಿಕ್ಷೆ ಅಮಾನತಿನ ಅರ್ಜಿ ಹೋಗಲಿ. 2 ಕೆಜಿ 300 ಗ್ರಾಂ ವಾಣಿಜ್ಯ ಪ್ರಮಾಣವಲ್ಲ, ಆದ್ದರಿಂದ 37ನೇ ಕಲಮಿನ ತೊಡಕು ನಿಮಗಿಲ್ಲ. 32ಎ ಕಲಮು ಅಮಾನತನ್ನು ತಡೆಯುತ್ತದೆಂದು ಯಾರಾದರೂ ಹೆದರಿಸಿದರೆ, 2000ನೇ ಇಸವಿಯ ದಾದು ತೀರ್ಪಿನಲ್ಲಿ ನ್ಯಾಯಾಲಯದ ಆ ಅಧಿಕಾರವನ್ನು ಉಳಿಸಿದ್ದಾರೆಂದು ಹೇಳಿರಿ.

ರಾಣೆಬೆನ್ನೂರಿನ ತಂದೆ:
ನನ್ನ ಮಗನೂ ಅಂದು ಜಾಮೀನಿನ ಮೇಲೆಯೇ ಇದ್ದ. ಅವನಿಗಾದದ್ದು 2 ವರ್ಷ ಮಾತ್ರ. ಅಮಾನತಿನ ಆದೇಶ ಬರುವ ತನಕ 47 ದಿನ, ಉತಾರಕ್ಕಾಗಿ ಮತ್ತೆ 9 ದಿನ, ಒಟ್ಟು 56 ದಿನ ಒಳಗಿದ್ದ. ತೀರ್ಪಿನ ದಿನವೇ ಅರ್ಜಿ ಹಾಕಬಹುದೆಂಬ ಮಾತನ್ನು ನಮ್ಮ ವಕೀಲರು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಇಂದು ಇಲ್ಲಿಯೇ ಮೊದಲ ಸಲ ಓದುತ್ತಿದ್ದೇನೆ. ಧಾರವಾಡದವರೇ, ನಿಮ್ಮ ವಕೀಲರ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಮುಂಡರಗಿಯವರೇ, ಜಾಮೀನು ನಿಲ್ಲುವವರ ಉತಾರದಲ್ಲಿ ಬೋಜಾ ಇದೆಯೇ ಎಂದು ನಾಳೆ ಬೆಳಿಗ್ಗೆಯೇ ತೆಗೆಸಿ ನೋಡಿರಿ.