ಪೀಪಾಯಿ ಗಂಟಲೋ, ಮದ್ದಳೆ ಗಂಟಲೋ?

ಗೆಳೆಯರೇ,

ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಕೊಲಾಸ್ಟೋಮಾ ಎಂಬ ಚಪ್ಪಟೆಹುಳುವಿನ ಬಗ್ಗೆ ಬರೆಯುತ್ತಿದ್ದೇನೆ. ಕಡಲಿನ ಜೀವಿ, ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರ ಮನೆ ಇನ್ನೊಂದು ಹುಳುವಿನ ಕರುಳು. ಆ ಇನ್ನೊಂದಕ್ಕೆ ಇಂಗ್ಲಿಷಿನಲ್ಲಿ ‘ಪೀನಟ್ ವರ್ಮ್’ ಅಂತಾರೆ, ಮುದುಡಿಕೊಂಡಾಗ ಕಡಲೆಕಾಯಿ ಬೀಜದ ಹಾಗೆ ಕಾಣುವುದರಿಂದ. ‘ಕಡಲೆಕಾಯಿ ಹುಳು’ ಅಂದರೆ ನಮ್ಮವರು ಬೆಳೆಗೆ ಬೀಳುವ ಹುಳು ಅಂದುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಸುಮ್ನೆ ‘ಸಿಪುಂಕುಲಿಡ್’ ಅಂತಲೇ ಬಿಟ್ಟಿದ್ದೇನೆ.

ತೊಡಕು ಚಪ್ಪಟೆಹುಳುವಿನ ಗಂಟಲಿನದು. ಮಾಂಸದ ಗೋಡೆಯ, ಹೀರುವ ಗಂಟಲು ಅದು. ಈ ಬಗೆಯ ಗಂಟಲಿಗೆ ‘ಫೇರಿಂಕ್ಸ್ ಡೋಲಿಫಾರ್ಮಿಸ್’ ಎಂದು ಹೆಸರು. ಲ್ಯಾಟಿನ್ನಿನ ‘ಡೋಲಿಯಂ’ ಅಂದರೆ ದ್ರಾಕ್ಷಾರಸ, ಎಣ್ಣೆ, ಕಾಳು ತುಂಬಿಡುತ್ತಿದ್ದ ದೊಡ್ಡ ಮಣ್ಣಿನ ಪಾತ್ರೆ. ನಮ್ಮ ಗುಡಾಣ, ವಾಡೆ ಇದ್ದ ಹಾಗೆ. ಇಂಗ್ಲಿಷಿನವರು ಅದನ್ನು ಬ್ಯಾರೆಲ್ ಮಾಡಿಕೊಂಡರು. ಹಾಗಾದರೆ ನಮಗೆ ‘ಪೀಪಾಯಿ ಗಂಟಲು’? ಪೀಪಾಯಿಯೂ ಪೋರ್ಚುಗೀಸರಿಂದ ಬಂದ ಪದವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗುಡಾಣಕ್ಕೆ ಒಂದೇ ಬಾಯಿ, ಪೀಪಾಯಿಗೆ ಎರಡು ಕಡೆಯೂ ಮುಚ್ಚಳ. ಈ ಗಂಟಲು ಎರಡು ತುದಿಯಲ್ಲೂ ತೆರೆದಿದೆ: ಒಂದು ಕಡೆ ಬಾಯಿ, ಇನ್ನೊಂದು ಕಡೆ ಕರುಳು. ನಡು ಉಬ್ಬಿ ತುದಿಗಳು ಸಣ್ಣಗಾಗುವ ಆಕಾರಕ್ಕೆ ‘ಮದ್ದಳೆ ಗಂಟಲು’ ಚೆನ್ನಾಗಿ ಹೊಂದುತ್ತದೆ. ಓದಿದರೆ ಭಾಗವತರ ನೆನಪಾಗಿ ನಗು ಬರುತ್ತದೆ, ಅಷ್ಟೇ.

ಇದರ ಕರುಳೂ ತಮಾಷೆಯದು. ಬರೀ ಚೀಲ. ಗುದದ್ವಾರವೇ ಇಲ್ಲ; ಮಿಕ್ಕಿದ್ದು ಬಂದ ಬಾಯಿಂದಲೇ ಹೊರಗೆ. ಇದು ವಾಸವಿರುವ ಸಿಪುಂಕುಲಿಡ್‌ಗೆ ಗುದದ್ವಾರ ಇದೆ, ಆದರೆ ಬೆನ್ನಿನ ಮೇಲೆ, ಮುಂಭಾಗದ ಹತ್ತಿರ! ಇಂಗ್ಲಿಷಿನ ‘ಬ್ಲೈಂಡ್ ಗಟ್’ ನೋಡಿ ‘ಕುರುಡು ಕರುಳು’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಕುರುಡು ಅಂದರೆ ಕಣ್ಣಿಲ್ಲದ್ದು, ದಾರಿ ಮುಚ್ಚಿದ್ದಲ್ಲ. ಎಲೆಅಡಿಕೆ ಸಂಚಿಯ ನೆನಪಲ್ಲಿ ‘ಸಂಚಿಗರುಳು’ ಅಂದಿದ್ದೇನೆ. ಕೈ ಹೋದ ಬಾಯಿಂದಲೇ ಹೊರಗೆ ಬರಬೇಕಲ್ಲ.

ಇನ್ನೊಂದು ಸಣ್ಣದು. ಕೊಲಾಸ್ಟೋಮಾದ ಒಂದು ಜಾತಿಯ ಹೆಸರು ‘ಮೋನಾರ್ಕಿಸ್’, ಅಂದರೆ ಒಂಟಿ ವೃಷಣದ್ದು. ‘ಒಂಟಿಬೀಜದ’ ಅಂದರೆ ಹಳ್ಳಿಯವರಿಗೆ ತಟ್ಟನೆ ತಿಳಿಯುತ್ತದೆ. ಆದರೆ ಈ ಹುಳು ಗಂಡೂ ಹೌದು, ಹೆಣ್ಣೂ ಹೌದು. ಅಂಡಾಶಯದ ಮಾತು ಪಕ್ಕದಲ್ಲೇ ಬರುವುದರಿಂದ ‘ಬೀಜ’ ಗೊಂದಲ ಮಾಡೀತು. ವೃಷಣವೇ ಇರಲಿ.

ಮದ್ದಳೆಗಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಎತ್ತಿನಗಾಡಿ ಚಕ್ರದ ಗುಂಬವೂ ನಡು ಉಬ್ಬಿ, ಎರಡು ಕಡೆ ತೂತು ಇರುವಂಥದ್ದು. ಅದಕ್ಕೆ ನಿಮ್ಮ ಕಡೆ ಏನಂತಾರೆ?