ಡ್ರಿಫ್ಟ್ ಕಲಿಯೋಕೆ ಯಾವ ಟೈರ್? ಟೈರ್ ಅಣ್ಣನನ್ನು ಕೇಳಿ

ಅಡ್ಮಿನ್: ಕಾರನ್ನು ಬೇಕಂತಲೇ ಹಿಂದಿನಿಂದ ಜಾರಿಸಿ ಅಡ್ಡಡ್ಡ ಓಡಿಸೋದು ಕಲಿಯಬೇಕು ಅಂತ ಒಂದು ವಾರದಿಂದ ಗ್ರೂಪಲ್ಲಿ ಒಂದೇ ಗಲಾಟೆ. ಇವತ್ತು ಸಂಜೆ ಏಳರಿಂದ ನಮ್ಮ ಟೈರ್ ಅಣ್ಣ ಉತ್ತರ ಕೊಡುತ್ತಾರೆ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಟೈರ್ ಅಂಗಡಿ. ಅದಕ್ಕೂ ಮೊದಲು ರ‍್ಯಾಲಿ ಕಾರುಗಳ ಹಿಂದೆ ಜಾಕ್ ಹಿಡಿದು ಓಡಿದವರು. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ಕೆಎ 14ರ ಹುಡುಗ: ಅಣ್ಣ ನಮಸ್ತೆ. ಅಜ್ಜನ ಅಂಬಾಸಿಡರ್ ಇದೆ, ಇಸುಜು ಎಂಜಿನ್. ಗದ್ದೆ ಪಕ್ಕದ ನಮ್ಮದೇ ಜಾಗದಲ್ಲಿ ಕಲಿಯೋಣ ಅಂತ. ಹಿಂದೆ ಅಗಲದ ಟೈರ್ ಹಾಕಿಸಲಾ?

ಟೈರ್ ಅಣ್ಣ: ನಮಸ್ತೆ. ಅಗಲ ಬೇಡ. ವಿಡಿಯೋದಲ್ಲಿ ಅಗಲ ಟೈರ್ ಹಾಕಿ ಹೊಗೆ ಎಬ್ಬಿಸೋ ಕಾರುಗಳಲ್ಲಿ ನಿಮ್ಮ ಅಂಬಾಸಿಡರಿನ ಐದಾರು ಪಟ್ಟು ಶಕ್ತಿ ಇರುತ್ತದೆ. ಕಡಿಮೆ ಶಕ್ತಿಯ ಗಾಡಿಗೆ ಹಿಂದೆ ಹಿಡಿತ ಜಾಸ್ತಿ ಕೊಟ್ಟರೆ ಅದು ಜಾರೋದೇ ಇಲ್ಲ. ಜಾರಿಸಬೇಕು ಅಂತ ನೀವು ಸ್ಪೀಡ್ ಏರಿಸುತ್ತೀರಿ, ಅಲ್ಲಿಂದ ಶುರುವಾಗುತ್ತದೆ ಅನಾಹುತ. ಹಿಂದೆ ಕಂಪನಿ ಅಳತೆಯ, ಗಟ್ಟಿ ರಬ್ಬರಿನ, ಅಗ್ಗದ ಟೈರ್ ಸಾಕು. ಕೆಲವು ಟೈರಿನ ಮೈ ಮೇಲೆ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತದೆ. 200 ಅಂದರೆ ಮೆತ್ತನೆ ರಬ್ಬರ್, ಹಿಡಿತ ಜಾಸ್ತಿ, ಬೇಗ ಸವೆಯುತ್ತದೆ. 400 ದಾಟಿದ್ದು ನಿಮಗೆ ಬೇಕಾದ್ದು. ದುಡ್ಡು ಹಾಕೋದಿದ್ದರೆ ಮುಂದಿನ ಎರಡಕ್ಕೆ ಹಾಕಿ. ಹಿಂದೆ ಜಾರುವಾಗ ಕಾರನ್ನು ಹಿಡಿದು ವಾಪಸ್ ತರೋದು ಮುಂದಿನ ಟೈರೇ.

ಸಾಗರದವನು: ಸ್ವಿಫ್ಟ್‌ಗೆ ಯಾವುದು ಒಳ್ಳೆಯದು ಸರ್?

ಟೈರ್ ಅಣ್ಣ: ಸ್ವಿಫ್ಟ್ ಎಳೆಯೋದು ಮುಂದಿನ ಚಕ್ರದಿಂದ. ಹಿಂದಿನ ಚಕ್ರಕ್ಕೆ ಎಂಜಿನ್ ಸಂಬಂಧವೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದರೆ ಒಂದು ಗಳಿಗೆ ಜಾರುತ್ತದೆ, ಅದು ಡ್ರಿಫ್ಟ್ ಅಲ್ಲ. ರಸ್ತೆಗೆ ಒಳ್ಳೆ ಟೈರ್ ಹಾಕಿಸಿ, ಸುಮ್ನೆ ಓಡಿಸಿ.

ಓಮ್ನಿ ಪ್ರಿಯ: ನಮ್ಮ ಓಮ್ನಿ ಹಿಂದಿನ ಚಕ್ರದ್ದೇ ಅಣ್ಣ.

ಟೈರ್ ಅಣ್ಣ: ಹೌದು. ಜಾರುವ ಮೊದಲು ಮಗುಚುತ್ತದೆ. ಬೇಡ.

ಅಡಿಕೆ ಗೊನೆ: ಇದು ನಮ್ಮ ಇನ್ನೊಂದು ಗ್ರೂಪಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ: "ಹಿಂದಿನ ಟೈರಿಗೆ ಸೀಮೆಎಣ್ಣೆ ಅಥವಾ ವೇಸ್ಟ್ ಆಯಿಲ್ ಬಳಿದು ರಾತ್ರಿ ಇಡಿ, ಬೆಳಿಗ್ಗೆ 60 ಗಾಳಿ ಹೊಡೆಸಿ, ಬೆಣ್ಣೆ ಥರ ಜಾರುತ್ತೆ."

ಟೈರ್ ಅಣ್ಣ: ಫಾರ್ವರ್ಡ್ ಬೇಡ ಅಂತ ಮೇಲೇ ಬರೆದಿದೆ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬ್ರೇಕಿಗೂ ತಾಗುತ್ತದೆ. ಸೀಮೆಎಣ್ಣೆ ಬಳಿದ ಟೈರನ್ನು ಕಾಯಿಸಿ ಹೊಗೆ ಎಬ್ಬಿಸೋ ಐಡಿಯಾ ಯಾರ ತಲೆಗೆ ಬಂತೋ. ಗಾಳಿ ವಿಷಯಕ್ಕೆ ಬಂದರೆ, ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಇರೋದಕ್ಕಿಂತ ಹಿಂದೆ ಮೂರ್ನಾಲ್ಕು ಜಾಸ್ತಿ ಇಟ್ಟು ಶುರು ಮಾಡಿ. ತಣ್ಣಗಿರುವಾಗ 35 ಇದ್ದದ್ದು ನಾಲ್ಕು ಸುತ್ತು ಜಾರಿಸಿದ ಮೇಲೆ 40 ದಾಟುತ್ತದೆ. ಪ್ರತಿ ಸಲ ನಿಲ್ಲಿಸಿದಾಗ ಗೇಜ್ ಹಿಡಿಯಿರಿ. ಗರಿಷ್ಠ ಎಷ್ಟು ಅಂತ ಟೈರಿನ ಮೇಲೇ ಅಚ್ಚಾಗಿರುತ್ತದೆ, ಅದನ್ನು ಮೀರಬೇಡಿ.

ಅಡಿಕೆ ಗೊನೆ: ನಾನು ಹೇಳಿದ್ದಲ್ಲ ಸರ್, ಬಂದಿದ್ದನ್ನ ಹಾಕಿದೆ ಅಷ್ಟೆ.

ಕೊಪ್ಪದ ಕಾಫಿ: ಅಣ್ಣ ನಮ್ಮದು 2010ರ ಬಿಎಂಡಬ್ಲ್ಯು 3 ಸೀರೀಸ್ ಡೀಸೆಲ್, ಸೆಕೆಂಡ್ ಹ್ಯಾಂಡ್. ಟೈರ್ 205/55 ಆರ್ 16. ಮಾವನ ಹಳೆ ಸಾಮಿಲ್ ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದಾರೆ, ಅಲ್ಲಿ ನೀರು ಬಿಟ್ಟುಕೊಂಡು ಎರಡು ವಾರದಿಂದ ಕಲಿಯುತ್ತಿದ್ದೇನೆ. ಹಿಂದಿನ ಟೈರ್ ಇನ್ನೂ ಚೆನ್ನಾಗೇ ಇದೆ, ಫೋಟೋ ಹಾಕಿದ್ದೇನೆ. ಆದರೆ ಮನೆಗೆ ಬರುವಾಗ 60ರ ಮೇಲೆ ಹಿಂದೆ ಏನೋ ಅದುರಿದ ಹಾಗೆ. ಅಲೈನ್‌ಮೆಂಟ್ ಇರಬಹುದಾ? ನಾಳೆ ಬೆಳಿಗ್ಗೆ ಮನೆಯವರನ್ನು ಕರೆದುಕೊಂಡು ಶೃಂಗೇರಿಗೆ ಹೋಗೋದಿದೆ.

ಘಾಟಿ ಗರುಡ: ಅಂಗಳದಲ್ಲಿ ಎಂತ ಕಲಿಯೋದು ಮಾರಾಯ. ಜಪಾನಲ್ಲಿ ಡ್ರಿಫ್ಟ್ ಕಿಂಗ್ ತ್ಸುಚಿಯಾ ಕೇಯಿಚಿ ಘಾಟಿ ರಸ್ತೆಯಲ್ಲೇ ಕಲಿತಿದ್ದು. ನಮಗೆ ಆಗುಂಬೆ ಇದೆ, 14 ತಿರುವು.

ಮಿನಿಬಸ್: ಆ 14 ತಿರುವಲ್ಲಿ ದಿನಾ ಬಸ್ ಇಳಿಸೋನು ನಾನು. ನೀನು ಅಡ್ಡಡ್ಡ ಬಂದರೆ ನಾನು ಇಪ್ಪತ್ತು ಜನರನ್ನು ಎಲ್ಲಿಗೆ ತಿರುಗಿಸಲಿ?

ಘಾಟಿ ಗರುಡ: ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ.

ಮಿನಿಬಸ್: ಮೀನಿನ ಗಾಡಿ ಇರುತ್ತದೆ. ಮಂಗಳೂರು ಆಸ್ಪತ್ರೆಗೆ ಹೋಗೋ ಆಂಬುಲೆನ್ಸ್ ಇರುತ್ತದೆ. ಮೋಡ ಇಳಿದರೆ ಬಾನೆಟ್ ತುದಿ ಕಾಣಲ್ಲ.

ಟೈರ್ ಅಣ್ಣ: ಕೊಪ್ಪದವರೇ, ಫೋಟೋ ಹೊರಗಿನಿಂದ ತೆಗೆದಿದ್ದೀರಿ. ಅದರಲ್ಲಿ ನನಗೆ ಬೇಕಾದ್ದು ಇಲ್ಲ. ಟಾರ್ಚ್ ತಗೊಂಡು ಎರಡು ಕೆಲಸ ಮಾಡಿ. ಒಂದು, ಟೈರಿನ ಮೈ ಮೇಲೆ ಡಿಒಟಿ ಅಂತ ಶುರುವಾಗೋ ಸಾಲು ಹುಡುಕಿ, ಕೊನೆಯ ನಾಲ್ಕು ಅಂಕಿ ಹೇಳಿ. ಎರಡು, ಗಾಡಿ ಕೆಳಗೆ ಬಗ್ಗಿ ಟೈರಿನ ಒಳ ಅಂಚನ್ನು ನೋಡಿ. ಕೈ ಸವರಬೇಡಿ, ಮೊದಲು ಕಣ್ಣಲ್ಲಿ ನೋಡಿ.

ಸ್ವಿಫ್ಟ್ ಶೆಟ್ಟಿ: ಸ್ವಿಫ್ಟ್ ಡೀಸೆಲ್‌ಗೆ ಹೇಳಿ ಅಣ್ಣ.

ಟೈರ್ ಅಣ್ಣ: ಮೇಲೆ ಓದಿ.

ಭದ್ರಾವತಿ ಬೋಲ್ಟ್: ರಿಸೋಲ್ ಟೈರ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ್ದು, ಹಾಕಬಹುದಾ? ಲಾರಿಯವರು ಹಾಕುತ್ತಾರಲ್ಲ, ಅಗ್ಗ.

ಟೈರ್ ಅಣ್ಣ: ಲಾರಿ ಟೈರು ಆ ಕೆಲಸಕ್ಕೆ ಅಂತಲೇ ದಪ್ಪ ಒಡಲು ಮಾಡಿರುತ್ತಾರೆ. ಕಾರಿನ ರಿಸೋಲ್ ಟೈರನ್ನು ನೀವು ನಿಂತಲ್ಲೇ ತಿರುಗಿಸಿ ಕಾಯಿಸಿದರೆ ಅಂಟಿಸಿದ ಪಟ್ಟಿ ಕಿತ್ತುಕೊಂಡು ಬರುತ್ತದೆ, ಮಡ್‌ಗಾರ್ಡ್ ಒಳಗೆ ಚಾಟಿ ಬೀಸಿದ ಹಾಗೆ ಹೊಡೆಯುತ್ತದೆ. ಬ್ರೇಕ್ ಪೈಪೂ ಅಲ್ಲೇ ಇರೋದು. ಬೇಡ.

ಕೆಎ 14ರ ಹುಡುಗ: ನಮ್ಮ ಅಂಬಾಸಿಡರ್‌ಗೆ ನೈಲಾನ್ ದಾರದ ಹಳೇ ಥರದ ಟೈರ್ ಇದೆ ಅಣ್ಣ, ಈಗಿನ ರೇಡಿಯಲ್ ಅಲ್ಲ. ನಡೆಯುತ್ತದಾ?

ಗಾಡಿ ಗೌಡ: ನೈಲಾನ್ ಬೆಸ್ಟ್. ಕಲ್ಲಿಗೂ ಜಗ್ಗಲ್ಲ.

ಭದ್ರಾವತಿ ಬೋಲ್ಟ್: ಯಾವ ಕಾಲದಲ್ಲಿ ಇದ್ದೀರಿ ಗೌಡ್ರೇ.

ಗಾಡಿ ಗೌಡ: ನಿನಗೆ ಗೇರು ಹಾಕೋಕೆ ಬರದಿದ್ದ ಕಾಲದಲ್ಲಿ.

ಭದ್ರಾವತಿ ಬೋಲ್ಟ್: ಟ್ರ್ಯಾಕ್ಟರ್ ಗ್ರೂಪ್ ಬೇರೆ ಇದೆ, ಅಲ್ಲಿಗೆ ಹೋಗಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಕೊಪ್ಪದ ಕಾಫಿ: ಅಣ್ಣ, 1112 ಅಂತ ಇದೆ. ಒಳ ಅಂಚಲ್ಲಿ ಒಂದು ಬೆರಳು ಅಗಲ ರಬ್ಬರೇ ಇಲ್ಲ. ಸಣ್ಣ ಸಣ್ಣ ತಂತಿ ಕೂದಲ ಥರ ಎದ್ದಿವೆ, ತುಕ್ಕು ಬಣ್ಣ. ಒಂದು ಕಡೆ ಅಡಿಕೆ ಗಾತ್ರದ ಉಬ್ಬೂ ಇದೆ. ಹೊರಗೆ ಮಾತ್ರ ಬಟನ್, ಅಂದರೆ ಟೈರಿನ ಹಲ್ಲು, ಪೂರ್ತಿ ಇದೆ.

ಟೈರ್ ಅಣ್ಣ: ಗಾಡಿ ಇದ್ದಲ್ಲೇ ಇರಲಿ. ನಾಳೆ ಶೃಂಗೇರಿಗೆ ಬಸ್ಸಲ್ಲಿ ಹೋಗಿ.

1112 ಅಂದರೆ 2012ರ 11ನೇ ವಾರ ಮಾಡಿದ ಟೈರ್. ಇಷ್ಟು ವರ್ಷಕ್ಕೆ ರಬ್ಬರ್ ಒಣಗಿ ಹಲಗೆ ಆಗಿರುತ್ತದೆ. ಇನ್ನು ಆ ಅಂಚು. ಈ ಕಾರುಗಳ ಹಿಂದಿನ ಚಕ್ರ ನೆಟ್ಟಗೆ ನಿಂತಿರೋದಿಲ್ಲ, ತಲೆ ಸ್ವಲ್ಪ ಒಳಗೆ ವಾಲಿರುತ್ತದೆ. ತಿರುವಲ್ಲಿ ಹಿಡಿತಕ್ಕೆ ಅಂತ ಕಂಪನಿಯೇ ಹಾಗೆ ಮಾಡಿರೋದು. ಅದಕ್ಕೇ ಒಳ ಅಂಚು ಮೊದಲು ಸವೆಯುತ್ತದೆ. ನಿಂತು ನೋಡಿದವರಿಗೆ ಹೊಸ ಟೈರ್ ಥರ ಕಾಣುತ್ತದೆ. ಎರಡು ವಾರ ಕಾಂಕ್ರೀಟಿನ ಮೇಲೆ ಉಜ್ಜಿದ್ದೀರಿ, ಇದ್ದದ್ದೂ ಹೋಯಿತು. ನಿಮಗೆ ಕಂಡದ್ದು ಟೈರಿನ ಉಕ್ಕಿನ ಬೆಲ್ಟಿನ ತಂತಿ. ತುಕ್ಕು ಹಿಡಿದಿದೆ ಅಂದರೆ ನೀರು ಒಳಗೆ ಹೋಗಿ ದಿನ ಆಗಿದೆ. ಅದುರಿದ್ದು ಅಲೈನ್‌ಮೆಂಟ್ ಅಲ್ಲ, ಪದರ ಬಿಡುತ್ತಿದೆ. ಸ್ಪೀಡ್ ಎಷ್ಟಿದೆ ಅಂತ ನೋಡಿ ಅದು ಒಡೆಯೋದಿಲ್ಲ.

ಇನ್ನೊಂದು ಮಾತು, ಇದು ಎಲ್ಲರಿಗೂ. ಡ್ರಿಫ್ಟಿಗೆ ಮುಂದೆ ಒಳ್ಳೆಯದು, ಹಿಂದೆ ಅಗ್ಗದ್ದು ಅಂತ ನಾನೇ ಹೇಳಿದೆ. ರಸ್ತೆಗೆ ಅದು ಪೂರ್ತಿ ಉಲ್ಟಾ. ನೀರು ನಿಂತ ರಸ್ತೆಯಲ್ಲಿ ಮುಂದೆ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹಳ ಸಲ ವಾಪಸ್ ಬರುತ್ತದೆ. ಹಿಂದೆ ಜಾರಿದರೆ ಗಿರಗಿಟ್ಲೆ. ಅಂಗಳದಲ್ಲಿ 30ರಲ್ಲಿ ಬೇಕಂತ ಮಾಡಿದ್ದು ತೀರ್ಥಹಳ್ಳಿ ರಸ್ತೆಯಲ್ಲಿ ಮಳೆಗೆ 80ರಲ್ಲಿ ತಾನಾಗಿ ಆಗುತ್ತದೆ. ಅದಕ್ಕೆ ಆಟದ ಎರಡು ಟೈರ್ ಬೇರೆ ರಿಮ್ ಮೇಲೆ ಕಟ್ಟಿಸಿ ಅಂಗಳದಲ್ಲೇ ಬಿಡಿ. ಮುಗಿದ ಮೇಲೆ ರಸ್ತೆ ಚಕ್ರ ಹಾಕಿಕೊಂಡು ಮನೆಗೆ ಹೋಗಿ. ಎರಡು ಚಕ್ರ ಬದಲಿಸೋಕೆ ಅರ್ಧ ಗಂಟೆ.

ಘಾಟಿ ಗರುಡ: ಅಣ್ಣ ಸುಮ್ನೆ ಹೆದರಿಸುತ್ತಿದ್ದಾರೆ. ನಾನು ತಂತಿ ಕಂಡ ಟೈರಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದೇನೆ.

ಟೈರ್ ಅಣ್ಣ: ಹೋಗಿ ಬಂದವರು ಮಾತ್ರ ಗ್ರೂಪಲ್ಲಿ ಬರೆಯೋದು. ನಿಮ್ಮ ತ್ಸುಚಿಯಾ ಆಮೇಲೆ ಟ್ರ್ಯಾಕಿಗೆ ಹೋಗಿ ರೇಸರ್ ಆದವರು, ಅದನ್ನೂ ಓದಿ. ರಸ್ತೆಯಲ್ಲಿ ಆಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಇದೆ. ಮೊದಲ ಸಲಕ್ಕೇ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲ 1,000ದಿಂದ 5,000 ದಂಡ, ಎರಡೂ ಆಗಬಹುದು.

ಘಾಟಿ ಗರುಡ: ಟೈರ್ ಮಾರೋರು ಬದಲಿಸಿ ಅಂತಲೇ ಹೇಳೋದು, ಅಲ್ವಾ.

ಮಿನಿಬಸ್: ನಿನ್ನ ಗಾಡಿ ನಂಬರ್ ಹಾಕು ಮಾರಾಯ, ನಾವು ದೂರ ಇರುತ್ತೇವೆ.

ಸೋಗಾನೆ ಸ್ಪೀಡ್: ಶಿವಮೊಗ್ಗ ವಿಮಾನ ನಿಲ್ದಾಣದ ರನ್‌ವೇ 3.2 ಕಿಲೋಮೀಟರ್ ಇದೆ, ಅಲ್ಲಿ ಬಿಡಲ್ವಾ? 😄

ಅಡಿಕೆ ಗೊನೆ: ನೈಟ್ರೋಜನ್ ತುಂಬಿಸಿದರೆ ಟೈರ್ ಕಾಯೋದೇ ಇಲ್ಲ ಅಂತ ಒಂದು ವಿಡಿಯೋ ಬಂದಿದೆ, ಹಾಕಲಾ?

ಟೈರ್ ಅಣ್ಣ: ಹಾಕಬೇಡಿ.

ಸ್ವಿಫ್ಟ್ ಶೆಟ್ಟಿ: ಅಣ್ಣ ಮೇಲೆ ಓದಿದೆ. ಹಿಂದೆ ಬೋಳು ಟೈರ್ ಹಾಕಿದರೆ ಸ್ವಿಫ್ಟ್ ಜಾರಲ್ವಾ?

ಟೈರ್ ಅಣ್ಣ: 1.6 ಮಿಲಿಮೀಟರ್‌ಗಿಂತ ಕಡಿಮೆ ಬಟನ್ ಇದ್ದರೆ ರಸ್ತೆಗೇ ಬರುವ ಹಾಗಿಲ್ಲ. ಮೂರನೇ ಸಲ ಹೇಳುತ್ತಿದ್ದೇನೆ, ಇಲ್ಲ.

ಹೊಸನಗರ: ನಾಲ್ಕಕ್ಕೂ ಸೇರಿ ರೇಟ್ ಎಷ್ಟಾಗುತ್ತದೆ ಸರ್?

ಕೊಪ್ಪದ ಕಾಫಿ: ಅಣ್ಣ, ನಾಳೆ ಹೋಗಲ್ಲ. ಮನೆಯಲ್ಲಿ ಬೈಗುಳ ಆಯಿತು, ಇರಲಿ. ನಿಧಾನಕ್ಕೆ 40ರಲ್ಲಿ ನಿಮ್ಮ ಅಂಗಡಿ ತನಕ ತರಲಾ?

ಟೈರ್ ಅಣ್ಣ: ಬೇಡ. ಸ್ಟೆಪ್ನಿ ಇದೆಯಾ?

ಕೊಪ್ಪದ ಕಾಫಿ: ಈ ಗಾಡಿಗೆ ಸ್ಟೆಪ್ನಿ ಬರಲ್ಲ. ಮೊದಲು ರನ್‌ಫ್ಲಾಟ್ ಇತ್ತಂತೆ, ಗಾಳಿ ಹೋದರೂ ಸ್ವಲ್ಪ ದೂರ ಓಡೋ ಟೈರ್, ಹಿಂದಿನ ಓನರ್ ತೆಗೆದು ಮಾಮೂಲಿ ಹಾಕಿಸಿದ್ದಾರೆ.

ಟೈರ್ ಅಣ್ಣ: ಅಂದುಕೊಂಡೆ. ಹಿಂದಿನ ಎರಡೂ ಚಕ್ರ ಬಿಚ್ಚಿ, ಸಾಮಿಲ್ಲಿನ ಮರದ ತುಂಡು ಗಾಡಿ ಕೆಳಗೆ ಭದ್ರವಾಗಿ ಇಡಿ, ಜಾಕ್ ಒಂದನ್ನೇ ನಂಬಬೇಡಿ. ಚಕ್ರ ಎರಡನ್ನೂ ಬೇರೆ ಗಾಡಿಯಲ್ಲಿ ಹಾಕಿಕೊಂಡು ಸೋಮವಾರ ಬನ್ನಿ. ಹತ್ತಕ್ಕೆ ಬಾಗಿಲು ತೆಗೆಯುತ್ತೇನೆ. ಮುಂದಿನ ಎರಡರ ಒಳ ಅಂಚನ್ನೂ ಈಗಲೇ ನೋಡಿ ಫೋಟೋ ಹಾಕಿ.